ಧಾರೆಸರದ ವಯಸ್ಸು

ಫೆಬ್ರವರಿ 4, ಭಾನುವಾರ

ಅವ್ವನ ತಿಥಿ ಮುಗಿಯಿತು. ಬಂದವರಲ್ಲಿ ಅರ್ಧ ಜನ ಅವ್ವನ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಪಾಯಸ ಇನ್ನೊಂದು ಸೌಟು ಬಡಿಸಿಕೊಳ್ಳುವಾಗ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಅಡುಗೆಯವನಿಗೆ ಸಾರಿನಲ್ಲಿ ಉಪ್ಪಿಲ್ಲ ಎಂದು ಹೇಳಿದ್ದೊಂದೇ ನಾನು ಮಾಡಿದ ಕೆಲಸ.

ಎಲ್ಲರೂ ಹೋದ ಮೇಲೆ ಅಣ್ಣ ಚಿಕ್ಕಸ್ವಾಮಿ ಹಿತ್ತಾಳೆ ಡಬ್ಬಿ ತಂದು ನನ್ನ ಮಡಿಲಿನಲ್ಲಿಟ್ಟ. ಒಳಗೆ ಧಾರೆಸರ.

"ಅವ್ವ ಯೋಳಿದ್ಲು ಕಣಮ್ಮಿ. ಭೂಮಿ ಚಿಕ್ಕಸ್ವಾಮಿಗೆ, ಸರ ಪ್ರಮೀಳಂಗೆ. ಎರಡೆಕ್ರೆಗೂ ಅದ್ಕೂ ಸಮಸಮ ಆಯ್ತದೆ ಅಂತ. ನನ್ನ ಕೇಳಿದ್ರೆ ನಿಂದೇ ಒಂದ್ ಕೈ ಮೇಲು."

ಮಾರ್ಚ್ 14ಕ್ಕೆ ಕೆ.ಆರ್. ಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಬೇಕಂತೆ. ಆಯ್ತು ಎಂದೆ. ಅವ್ವ ಹೇಳಿದ್ದಾಳೆ ಎಂದ ಮೇಲೆ ಇನ್ನೇನು ಮಾತು.

ಮೂರೆಳೆ ಮುತ್ತು, ನಡುವೆ ಚಿನ್ನದ ಸಣ್ಣ ಪದಕ. ನಮ್ಮೂರ ಮೇಗಲಬೀದಿಯ ಯಾವ ಹುಡುಗಿಗೆ ಮದುವೆಯಾದರೂ ಧಾರೆಯ ಹೊತ್ತಿಗೆ ಕತ್ತಿನಲ್ಲಿ ಈ ಸರ ಇರಬೇಕು. ಹಿಂದಿನ ದಿನ ಬಂದು ಕೇಳುತ್ತಿದ್ದರು, ಅವ್ವ ತಾನೇ ಹೋಗಿ ಕಟ್ಟಿ ಬರುತ್ತಿದ್ದಳು, ಮದುವೆ ಮುಗಿದ ಮೇಲೆ ಅವರೇ ತಂದುಕೊಡುತ್ತಿದ್ದರು. ಅರಮನೆಯಿಂದ ನಮ್ಮ ಮುತ್ತಜ್ಜಿಗೆ ಬಂದದ್ದು, ಇನ್ನೂರು ವರ್ಷದ್ದು ಎಂದು ಅವ್ವ ಹೇಳುತ್ತಿದ್ದಳು. ಬೀದಿಯಲ್ಲಿ ಅದನ್ನು ಕಟ್ಟಿಕೊಳ್ಳದ ಹೆಣ್ಣೆಂದರೆ ಸರ ಇದ್ದ ಮನೆಯ ಮಗಳು ನಾನೊಬ್ಬಳೇ. ಎರಡು ಸಂಬಂಧ ಬಂದು ಮುರಿದವು, ಮೂರನೆಯದಕ್ಕೆ ನಾನೇ ಬೇಡವೆಂದೆ. ಈಗ ಐವತ್ತೊಂದು. ಇದು ನನ್ನ ಪಾಲಿಗೇ ಬಂದಿದೆ ಎಂದರೆ ದೇವರಿಗೂ ತಮಾಷೆ ಮಾಡುವ ಅಭ್ಯಾಸ ಇದೆ.

ಫೆಬ್ರವರಿ 7

ಸೈನ್ ಹಾಕುವ ಮುಂಚೆ ಇದರ ವಯಸ್ಸೆಷ್ಟು, ಬೆಲೆಯೆಷ್ಟು ಎಂದು ತಿಳಿದಿರಲಿ. ಅನುಮಾನವೇನೂ ಇಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಊರವರ ರಕ್ತ, ಮೂತ್ರ ನೋಡಿದವಳು ನಾನು. ಪರೀಕ್ಷೆ ಮಾಡದೆ ಏನನ್ನೂ ಒಪ್ಪಿಕೊಳ್ಳುವ ರೂಢಿ ಇಲ್ಲ.

ಮಧ್ಯಾಹ್ನ ಪೇಟೆಬೀದಿಯ ಒಡವೆ ಅಂಗಡಿಗೆ ಹೋದೆ. ಮಾಲೀಕರು ಪದಕವನ್ನು ಮಾತ್ರ ಹಿಡಿದು ನೋಡಿದರು. "ಮುತ್ತಿಗೆ ನಾವು ರೇಟ್ ಹಾಕಲ್ಲ ಮೇಡಂ. ಮುತ್ತೆಲ್ಲ ತೆಗೆದ್ಬುಟ್ಟು ಪದಕ ಕೊಡಿ, ಹೊಸ ಡಿಸೈನ್ ಬಂದದೆ." ಇನ್ನೂರು ವರ್ಷದ್ದಂತೆ ಎಂದೆ. "ಎಲ್ರೂ ಅಂಗೇ ಅಂತಾರೆ" ಎಂದು ಕಾಫಿ ತರಿಸಿದರು. ಕುಡಿಯದೆ ಎದ್ದು ಬಂದೆ.

ಫೆಬ್ರವರಿ 11, ಭಾನುವಾರ

ನಾಗಮಂಗಲಕ್ಕೆ ಹೋಗಿದ್ದೆ. ಪುಟ್ಟಾಚಾರಿ ಎಂಬ ಮುದುಕ. ಅವರ ಮನೆತನದವರು ನಮ್ಮ ಕಡೆಯ ಹಳ್ಳಿಗಳಿಗೆಲ್ಲ ಒಡವೆ ಮಾಡುತ್ತಿದ್ದರು. ಈಗ ಮಗ ಅದೇ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಮುದುಕ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬಂದುಹೋಗುವವರನ್ನೆಲ್ಲ ಬೈಯುತ್ತ ಕೂತಿರುತ್ತಾರೆ.

ಪದಕ ತಿರುಗಿಸಿ ನೋಡಿ, "ಇದು ನಮ್ಮ ತಾತನ ಕೈ ಕೆಲ್ಸ ಇರ್ಬೇಕು. ತೊಂಬತ್ತು, ಅಬ್ಬಬ್ಬಾ ಅಂದ್ರೆ ನೂರು ವರ್ಷ" ಎಂದರು. ಮತ್ತೆ ಅರಮನೆಯಿಂದ ಬಂದದ್ದು ಅಂತಾರಲ್ಲ ಎಂದೆ. "ಅರಮನೇನೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ ಕಣವ್ವ. ನಿಮ್ಮಜ್ಜ ಬೆಲ್ಲ ಮಾರಿ ಮಾಡ್ಸವ್ನೆ."

ಮುತ್ತು ಹೇಗೆ ನೋಡುತ್ತೀರಿ ಎಂದು ಕೇಳಿದೆ. "ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಬೇಕು. ನಿಜದ್ದು ಸಣ್ಣ ಮರಳಿದ್ದಂಗೆ ಗರ್ ಅಂತದೆ. ಸುಳ್ಳಿಂದು ಜಾರ್ತದೆ. ನಂದು ಕಟ್ಟಿಸ್ಕಂಡಿರೋ ಹಲ್ಲು, ಯಾವ್ದೂ ಗೊತ್ತಾಗಕಿಲ್ಲ. ನೀನೇ ಉಜ್ಜು" ಎಂದರು. ಮೊಬೈಲ್ ರಿಪೇರಿಗೆ ಬಂದವರೆಲ್ಲ ನೋಡುತ್ತಿರುವಾಗ, ಕರವಸ್ತ್ರದಿಂದ ಒರೆಸಿ ಒರೆಸಿ, ಒಂದೊಂದನ್ನೇ ಹಲ್ಲಿಗೆ ಉಜ್ಜಿದೆ. ಒಂದು ಗರ್ ಎಂದಿತು. ಪಕ್ಕದ್ದು ಜಾರಿತು. ಅದರ ಪಕ್ಕದ್ದೂ ಜಾರಿತು. ಜಾರುವವೇ ಹೆಚ್ಚು.

"ಒಂದ್ ಕಾಲದ ಮುತ್ತಲ್ಲ ಇವು. ಯಾರೋ ಬದಲಾಯ್ಸವ್ರೆ. ನಿಜದ್ದೂ ಬೆವ್ರು, ಎಣ್ಣೆ, ಅರಿಶ್ಣ ಕುಡ್ದು ಸತ್ತೋಗವೆ. ಪದಕದ ಚಿನ್ನ ಬುಟ್ರೆ ಮಿಕ್ಕಿದ್ದಕ್ಕೆ ಒಂದ್ ಹಸ ಬರಕಿಲ್ಲ ಕಣವ್ವ" ಎಂದರು ಪುಟ್ಟಾಚಾರಿ.

ಹಲ್ಲು ಕಟ್ಟಿಸಿಕೊಂಡವರ ಮಾತು, ನನ್ನ ಹಲ್ಲಿನ ಪರೀಕ್ಷೆ. ಇದನ್ನು ವರದಿ ಎನ್ನಲಾಗದು. ಸೋಮವಾರ ಲ್ಯಾಬಿನಲ್ಲಿ ನೋಡುತ್ತೇನೆ.

ಫೆಬ್ರವರಿ 12

ಎಕ್ಸ್‌ರೇ ತೆಗೆಯುವ ಲೋಕೇಶನಿಗೆ ಒಂದು ಬಿರಿಯಾನಿ ಕೊಡಿಸಬೇಕಾಯಿತು. ಹೆಸರಿಲ್ಲದೆ ಮೆಷಿನ್ನು ಮುಂದಕ್ಕೆ ಹೋಗುವುದಿಲ್ಲ ಎಂದು "ಸರಮ್ಮ" ಎಂದು ಟೈಪ್ ಮಾಡಿದ. "ವಯಸ್ಸು ಎಷ್ಟಕ್ಕ?" ಎಂದ. ಅದು ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ, ತೊಂಬತ್ತು ಎಂದು ಹಾಕು ಎಂದೆ. "ಸರಮ್ಮೋರೆ, ಉಸ್ರು ಬಿಗಿ ಹಿಡೀರಿ" ಎಂದು ಬಟನ್ ಒತ್ತಿದ. ತಲೆಹರಟೆ.

ಪರದೆಯ ಮೇಲೆ ಕೆಲವು ಮುತ್ತು ಬೂದು ಬಣ್ಣಕ್ಕೆ, ಹದವಾಗಿ ಕಂಡವು. ಕೆಲವು ಅಚ್ಚ ಬಿಳಿ, ಅವು ಗಾಜು. ಇನ್ನು ಕೆಲವು ಕಾಣಲೇ ಇಲ್ಲ. ಸರದಲ್ಲಿ ಇವೆ, ಚಿತ್ರದಲ್ಲಿ ಜಾಗ ಖಾಲಿ. ಪ್ಲಾಸ್ಟಿಕ್ ಎಂದ ಲೋಕೇಶ. ಮೈಕ್ರೋಸ್ಕೋಪಿನ ಕೆಳಗಿಟ್ಟು ನಾನೂ ನೋಡಿದೆ. ನಿಜದ್ದರ ಮೈಮೇಲೆ ಬೆರಳಚ್ಚಿನಂಥ ಗೆರೆಗಳು, ತೂತಿನ ಅಂಚು ಸವೆದು ನುಣುಪಾಗಿದೆ. ಉಳಿದವುಗಳ ತೂತಿನ ಬಾಯಲ್ಲಿ ಬಣ್ಣ ಎದ್ದು ಬರುತ್ತಿದೆ. ನಿಜದ್ದರ ವಯಸ್ಸನ್ನು ನಮ್ಮ ಯಂತ್ರಗಳು ಹೇಳುವುದಿಲ್ಲ. ಆದರೆ ಎಲ್ಲವೂ ಒಂದೇ ವಯಸ್ಸಿನವಲ್ಲ ಎನ್ನುವುದಂತೂ ಖಚಿತ.

ಹಾಗಾದರೆ ಬದಲಾಯಿಸಿದವರು ಯಾರು? ಅವ್ವ ಹಾಸಿಗೆ ಹಿಡಿದ ಮೇಲೆ ಪೆಟ್ಟಿಗೆಯ ಬೀಗದಕೈ ಅತ್ತಿಗೆ ಚೆಲುವಮ್ಮನ ಸೊಂಟದಲ್ಲಿತ್ತು. ಪೆಟ್ಟಿಗೆ ಮುಟ್ಟುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಇದಕ್ಕೆ ಎಕ್ಸ್‌ರೇ ಬೇಕಿಲ್ಲ.

ಫೆಬ್ರವರಿ 13

ಅತ್ತಿಗೆಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಸರದ ಮುತ್ತು ಎಲ್ಲಿ ಹೋದವು ಅತ್ತಿಗೆ ಎಂದೆ.

ಅತ್ತ ಅವಳು ಕೋಳಿ ಅಟ್ಟಿದ್ದು ಕೇಳಿಸಿತು.

"ನಾನ್ ತೆಗುದ್ನೇನೊ ಅಂತ ಕೇಳ್ತಾ ಇದ್ದಿಯಾ ಪ್ರಮೀಳಾ?"

"ಬೀಗದಕೈ ನಿಮ್ ಹತ್ರಾನೇ ಇತ್ತಲ್ಲ."

"ಇತ್ತು. ನಿಮ್ಮವ್ವನ ಬಟ್ಟೆ ಒಗ್ಯೋದೂ ನನ್ ಕೈಲೇ ಇತ್ತು, ಗುಳಿಗೆ ನುಂಗ್ಸೋದೂ ನನ್ ಕೈಲೇ ಇತ್ತು. ಅದ್ನೂ ಸೇರ್ಸ್ಕಂಡು ಕೇಳು."

ಫೋನ್ ಇಟ್ಟುಬಿಟ್ಟಳು. ತಪ್ಪು ಮಾಡಿದವರೇ ಹೀಗೆ ಮಾತು ತಿರುಗಿಸುವುದು. ಕಳ್ಳಿ. ಅಣ್ಣನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಮೊದಲು ಸಾಕ್ಷಿ ಬೇಕು. ಮದುವೆಯ ಫೋಟೋಗಳಲ್ಲಿ ಸರ ಹೇಗಿತ್ತು ಎಂದು ನೋಡಿದರೆ ಯಾವಾಗ ಬದಲಾಯಿತು ಎಂದು ಗೊತ್ತಾಗುತ್ತದೆ. ಮೇಗಲಬೀದಿಯ ವೀಣ ಪಾಂಡವಪುರದಲ್ಲಿದ್ದಾಳೆ. ಅವಳ ಮದುವೆ ಆದಾಗ ಅವ್ವ ಇನ್ನೂ ಗಟ್ಟಿಯಾಗಿದ್ದಳು, ಅತ್ತಿಗೆಯ ಕೈ ಪೆಟ್ಟಿಗೆಯ ತನಕ ಹೋಗಿರಲಿಲ್ಲ.

ಫೆಬ್ರವರಿ 18, ಭಾನುವಾರ

ಪಾಂಡವಪುರದಿಂದ ಬಂದು ಕೂತಿದ್ದೇನೆ. ಅನ್ನಕ್ಕಿಡಲಿಲ್ಲ. ಬಾಳೆಹಣ್ಣು ಇದೆ.

ವೀಣ ಖುಷಿಯಿಂದಲೇ ಆಲ್ಬಮ್ ತೆಗೆದಳು. ಅವಳ ಕತ್ತಿನಲ್ಲಿ ಸರ ಚೆನ್ನಾಗಿ ಕಾಣುತ್ತಿತ್ತು. ಕನ್ನಡಕ ಏರಿಸಿ, ಫೋಟೋದಲ್ಲಿ ಎಲ್ಲ ಮುತ್ತೂ ಒಂದೇ ಬಣ್ಣ ಇವೆ ಅಲ್ಲವೇ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು.

"ಎಲ್ಲಕ್ಕ ಒಂದೇ ಬಣ್ಣ! ಇಗಾ ಈ ಕಡೇವು ಎರಡು, ಇವು ಆಮೇಲೆ ಉದ್ರೋದ್ವು. ಬೀಗರೂಟದ ದಿನ ಮಗು ಒಂದು ಕೈ ಹಾಕಿ ಎಳೀತು. ಚರಂಡಿಗೇ ಬಿದ್ವು. ನಮ್ಮಪ್ಪ ಮೈಸೂರ್ಗೋಗಿ ಎರಡು ತಂದು ಪೋಣಿಸ್ಕೊಡ್ತು. ಪ್ಲಾಸ್ಟಿಕ್ಕೇ ಇರ್ಬೇಕು, ಅವತ್ತು ನಮ್ಮಪ್ಪನ್ ತಾವ ಏನಿತ್ತು?"

ಅವ್ವನಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ಯೋಳಂಗಿಲ್ವಲ್ಲಕ್ಕ. ನಿಮ್ಮವ್ವನೇ ಸರ ಕಟ್ವಾಗ ಕಿವೀಲಿ ಯೋಳೋರು. ಉದುರಿದ್ರೆ ಬಾಯ್ ಬುಡಬ್ಯಾಡ, ಅತ್ತೆ ಮನೇರ್ಗೂ ಯೋಳ್ಬ್ಯಾಡ, ನಂಗೂ ಯೋಳ್ಬ್ಯಾಡ. ನಿನ್ ಕೈಲಾದ್ದು ತಂದು ಪೋಣಿಸ್ಕೊಡು ಅಂತ. ಎಲ್ರಿಗೂ ಅಂಗೇ. ನನ್ ಚಿಕ್ಕಮ್ಮನೂ ಒಂದು ಹಾಕ್ಸಿದ್ಲಂತೆ, ಗಾಜಿಂದು. ನಿಮ್ಗೆ ಗೊತ್ತಿಲ್ವಾ?"

ಕೇಳಿದ ಮೇಲೆ ಅವಳಿಗೇ ಹೊಳೆಯಿತು. ಆ ಮಾತು ಮದುವಣಗಿತ್ತಿಯ ಕಿವಿಗೆ ಮಾತ್ರ. ನನ್ನ ಕಿವಿಯ ತನಕ ಬರುವ ಸಂದರ್ಭವೇ ಬರಲಿಲ್ಲ. ವೀಣ ಮುಖ ಸಣ್ಣದು ಮಾಡಿಕೊಂಡು, ಚಕ್ಕುಲಿ ತಿನ್ನಿ ಅಕ್ಕ ಎಂದಳು. ತಿಂದೆ. ಮೆತ್ತಗಾಗಿತ್ತು.

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಸರ ವಾಪಸ್ ಕೊಟ್ರೆ ನಿಮ್ಮವ್ವ ಎಷ್ಟ್ ಭಕ್ತೀಲಿ ಈಸ್ಕಳೋರು! ಕಣ್ಗೊತ್ಕಂಡು, ಬಾಯ್ಗೊತ್ಕಂಡು, ಆಮ್ಯಾಕೇ ಒಳೀಕಿಡೋರು."

ನಾನೂ ಅದನ್ನು ನೋಡಿದ್ದೇನೆ. ಚಿಕ್ಕವಳಿದ್ದಾಗ ಬಾಗಿಲ ಹಿಂದೆ ನಿಂತು ಎಷ್ಟು ಸಲ ನೋಡಿಲ್ಲ. ಕೈಮುಗಿಯುವ ರೀತಿ ಅದೂ ಒಂದು ಎಂದುಕೊಂಡಿದ್ದೆ. ಬಸ್ಸು ಪಾಂಡವಪುರ ಸ್ಟೇಷನ್ ದಾಟುವಾಗ ನಾಗಮಂಗಲದಲ್ಲಿ ನಾನು ಕೂತಿದ್ದ ಭಂಗಿ ನೆನಪಾಯಿತು. ಅವ್ವ ಭಕ್ತಿಯಿಂದ ಒತ್ತಿಕೊಳ್ಳುತ್ತಿರಲಿಲ್ಲ. ಹಲ್ಲಿಗೆ ಉಜ್ಜುತ್ತಿದ್ದಳು. ಪ್ರತಿ ಸಲವೂ ನೋಡುತ್ತಿದ್ದಳು. ಯಾವುದು ಗಾಜು, ಯಾವುದು ಪ್ಲಾಸ್ಟಿಕ್ಕು, ಯಾರ ಮನೆಯಿಂದ ಏನು ಬಂತು, ಎಲ್ಲ ಅವಳಿಗೆ ಗೊತ್ತಿತ್ತು.

ಗೊತ್ತಿದ್ದೂ ಎರಡೆಕರೆಗೆ ಸಮ ಎಂದಳು.

ಫೆಬ್ರವರಿ 19

ಲ್ಯಾಬಿನಲ್ಲಿ ಇಬ್ಬರ ಸ್ಯಾಂಪಲ್ ಅದಲುಬದಲು ಮಾಡುವವಳಿದ್ದೆ. ಲೋಕೇಶ ನೋಡಿ ಹೇಳಿದ. ರಜ ಹಾಕಿ ಮನೆಗೆ ಹೋಗಿ ಅಕ್ಕ ಎಂದ. ಮನೆಗೆ ಹೋಗಿ ಏನು ಮಾಡಲಿ?

ಫೆಬ್ರವರಿ 22

ಸಿಟ್ಟು ಬಂದಿದೆ. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಬೀದಿಯಲ್ಲಿ ಇಲ್ಲದವರ ಹೆಣ್ಣುಮಕ್ಕಳು ಧಾರೆಯ ದಿನ ತಲೆ ತಗ್ಗಿಸಬಾರದೆಂದು ಇಷ್ಟು ವರ್ಷ ಗಾಜನ್ನೂ ಪ್ಲಾಸ್ಟಿಕ್ಕನ್ನೂ ಮುತ್ತೆಂದೇ ಒಳಗಿಟ್ಟುಕೊಂಡಳು. ಒಬ್ಬಳನ್ನೂ ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು. ಆ ಮನಸ್ಸು ಮಗಳ ಹತ್ತಿರ ಬಂದಾಗ ಎಲ್ಲಿ ಹೋಗಿತ್ತು? ಭೂಮಿ ಕೊಡಲ್ಲ ಕಣೆ, ಮಗನಿಗೆ ಕೊಡ್ತೀನಿ ಎಂದು ನೇರವಾಗಿ ಹೇಳಿದ್ದರೆ ನಾನೇನು ಜಗಳ ಆಡುತ್ತಿದ್ದೆನೇ? ಆಡುತ್ತಿದ್ದೆನೇನೋ. ಆದರೂ ಹೇಳಬೇಕಿತ್ತು. ಮದುವೆಯಾಗದವಳಿಗೆ ಈ ಗುಟ್ಟು ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದಳಲ್ಲ, ಅದು ಉರಿಯುತ್ತಿದೆ.

ಫೆಬ್ರವರಿ 25, ಭಾನುವಾರ

ಊರಿಗೆ ಹೋದೆ. ಅಣ್ಣ ಸಂತೆಬಾಚಹಳ್ಳಿಗೆ ಹೋಗಿದ್ದ. ಅತ್ತಿಗೆ ಹಿತ್ತಿಲಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಕೂತೆ.

"ತಪ್ಪಾಯ್ತು ಅತ್ತಿಗೆ."

"ಯಾರ್ ಯೋಳಿದ್ರು?"

"ವೀಣ. ಮಿಕ್ಕಿದ್ದು ನಾನೇ ಊಹೆ ಮಾಡ್ದೆ. ಅವ್ವಂಗೆ ಗೊತ್ತಿತ್ತು, ಅಲ್ವಾ?"

ಆಗ ಕುಡುಗೋಲು ಕೆಳಗಿಟ್ಟಳು. "ಗೊತ್ತಿರ್ದೆ ಏನು. ಹಾಸಿಗೆ ಮ್ಯಾಲೆ ಮಲಗ್ಕಂಡು ನನ್ ಕೈಲೇ ಭಾಷೆ ಈಸ್ಕಂಡ್ರು. ಅವಳ್ಗೆ ಯೋಳ್ಬ್ಯಾಡ ಚೆಲುವಿ, ಅವಳ್ಗೆ ಸಂಬಳ ಬತ್ತದೆ, ನನ್ ಮಗಂಗೆ ಭೂಮಿ ಬುಟ್ರೆ ಏನೂ ಇಲ್ಲ ಅಂತ. ಅತ್ತೆ ಅಂದ್ರೆ ಅತ್ತೆ. ಸಾಯೋರ್ ತಾವ ಇಲ್ಲ ಅನ್ನಕಾಯ್ತದಾ?"

"ನಾನು ಕಳ್ಳಿ ಅಂದ್ರೂ ಬಾಯಿ ಬಿಡಲಿಲ್ಲವಲ್ಲ ನೀವು."

"ಬಾಯಲ್ಲಿ ಅನ್ನಲಿಲ್ಲ ನೀನು. ಮನಸ್ನಲ್ಲಿ ಅಂದಿದ್ದೆ." ಸೊಪ್ಪನ್ನು ಬುಟ್ಟಿಗೆ ತುಂಬಿದಳು. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದಳು. "ಸೈನ್ ಹಾಕ್ಬ್ಯಾಡ ಪ್ರಮೀಳಾ."

ನನಗೆ ಅರ್ಥವಾಗಲಿಲ್ಲ. ಭೂಮಿ ಇವಳ ಗಂಡನದ್ದು, ಮಕ್ಕಳದ್ದು.

"ನಮ್ ತವ್ರಲ್ಲಿ ಮೂರೆಕ್ರೆ ಗದ್ದೆ ಇತ್ತು. ಗೌರಿ ಹಬ್ಬುಕ್ ಕರ್ದು, ಒಂದ್ ಸೀರೆ ಕೊಟ್ಟು, ಅರಿಶ್ಣ ಕುಂಕ್ಮ ಇಟ್ಟು, ಸೈನ್ ಹಾಕ್ಸ್ಕಂಡ್ರು. ಆ ಸೀರೆ ಒಂದೇ ಒಗೆತಕ್ಕೆ ಬಣ್ಣ ಬುಡ್ತು. ನಿಮ್ಮಣ್ಣಂಗೆ ಇದೇನೂ ತಿಳೀದು. ಸರ ಬಂಗಾರದ ಗಣಿ ಅಂತ್ಲೇ ತಿಳ್ಕಂಡವ್ನೆ. ನಾನ್ ಯೋಳ್ದೆ ಅಂತ ಮಾತ್ರ ಎತ್ಬ್ಯಾಡ, ಮನೇಲಿ ಇರಕಾಗಕಿಲ್ಲ."

ಮುದ್ದೆ ಊಟ ಮಾಡಿ ಬಂದೆ. ಅಣ್ಣನಿಗೆ ತಿಳಿಯದು ಎಂಬುದನ್ನು ನಾನು ನಂಬಲಿಲ್ಲ. ತಾಯಿ ಮಗ ಇಬ್ಬರೂ ಸೇರಿಯೇ ಮಾಡಿದ್ದಾರೆ.

ಮಾರ್ಚ್ 14

ಹತ್ತೂವರೆಗೆ ಕೆ.ಆರ್. ಪೇಟೆ. ಕಚೇರಿಯ ಎದುರಿನ ಮರದ ಕೆಳಗೆ ಅಣ್ಣ, ಅತ್ತಿಗೆ, ಪತ್ರ ಬರೆಯುವವರು. ಅಣ್ಣ ಹೊಸ ಶರ್ಟು ಹಾಕಿಕೊಂಡು ಬಂದಿದ್ದ, ನನಗೆಂದು ಎಳನೀರು ಹಿಡಿದುಕೊಂಡು ನಿಂತಿದ್ದ. ಕುಡಿದೆ. ಬುರುಡೆ ಕೆಳಗಿಟ್ಟು, ಸೈನ್ ಹಾಕಲ್ಲ ಅಣ್ಣ, ಒಂದೆಕರೆ ನನ್ನ ಹೆಸರಿಗೆ ಬೇಕು ಎಂದೆ.

ಅಣ್ಣನಿಗೆ ಮೊದಲು ಕೇಳಿಸಲೇ ಇಲ್ಲ ಅನ್ನಿಸುತ್ತದೆ. ಆಮೇಲೆ ಕೂಗಿದ. "ಯಾರಮ್ಮಿ ನಿನ್ ತಲೆ ಕೆಡ್ಸಿದ್ದು?"

ಅತ್ತಿಗೆ ನೆಲ ನೋಡುತ್ತಿದ್ದಳು. ಯಾರೂ ಇಲ್ಲ, ಎಕ್ಸ್‌ರೇ ತೆಗೆಸಿದೆ, ಅರ್ಧಕ್ಕರ್ಧ ಗಾಜು, ಪ್ಲಾಸ್ಟಿಕ್ಕು ಎಂದೆ.

"ಅವ್ವ ಸುಳ್ ಯೋಳ್ತಾಳಾ?"

ನಾನು ಅವನ ಮುಖ ನೋಡುತ್ತಿದ್ದೆ. ದಿನಕ್ಕೆ ಎಷ್ಟು ಜನರ ಮುಖ ನೋಡುತ್ತೇನೆ ನಾನು, ಸಕ್ಕರೆ ತಿಂದು ತಿಂದಿಲ್ಲ ಎನ್ನುವವರು, ಕುಡಿದು ಕುಡಿದಿಲ್ಲ ಎನ್ನುವವರು. ಇವನದು ಆ ಮುಖವಲ್ಲ. ಇವನು ನಿಜಕ್ಕೂ ನಂಬಿದ್ದ. ತಂಗಿಗೆ ಹೆಚ್ಚಿನ ಪಾಲು ಹೋಯಿತು ಎಂದು ನಂಬಿ, ಅದನ್ನು ಸಂತೋಷವಾಗಿ ಒಪ್ಪಿಕೊಂಡು, ಎಳನೀರು ಹಿಡಿದು ನಿಂತಿದ್ದ. ನನಗೆ ಅವನ ಮೇಲೆ ಅಕ್ಕರೆ ಉಕ್ಕಿ ಬಂತು, ಅದೂ ಆ ಹೊತ್ತಿನಲ್ಲಿ.

"ಅಂಗಾದ್ರೆ ಒಂದ್ ಕೆಲ್ಸ ಮಾಡು," ಎಂದ. "ಸರ ನಂಗೆ ಕೊಡು. ಎರಡೆಕ್ರೆನೂ ನೀನೇ ಬರಸ್ಕ. ಈಗ್ಲೇ, ಇಲ್ಲೇ. ಅವ್ವನ ಮಾತು ಸುಳ್ಳಾಗ್ಬಾರ್ದು ನಂಗೆ."

ಪತ್ರ ಬರೆಯುವವರು ಪೆನ್ನು ಮುಚ್ಚಿ ನನ್ನನ್ನು ನೋಡಿದರು. ಅತ್ತಿಗೆ ತಲೆ ಎತ್ತಿದಳು. ಅವಳು ಬಾಯಿ ತೆರೆದರೆ ಗಂಡನ ಎದುರು ಇಷ್ಟು ದಿನ ಮುಚ್ಚಿಟ್ಟದ್ದು ಹೊರಗೆ ಬರುತ್ತದೆ, ತೆರೆಯದಿದ್ದರೆ ಮಕ್ಕಳ ಭೂಮಿ ಹೋಗುತ್ತದೆ. ನಾನು ಹೂಂ ಎಂದರೆ ಸಾಕಿತ್ತು. ಅವ್ವ ನನಗೆ ಮಾಡಿದ್ದನ್ನೇ ನಾನು ಇವನಿಗೆ ಮಾಡಬಹುದಿತ್ತು, ಅದೂ ಅವನೇ ಕೇಳಿಕೊಂಡು. ಅವ್ವನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ.

"ಬೇಡ. ಒಂದೆಕರೆ ಸಾಕು. ಸರ ನನ್ನ ಹತ್ರಾನೇ ಇರ್ಲಿ" ಎಂದೆ.

ಅಣ್ಣ ನನ್ನನ್ನೇ ನೋಡಿದ. ಅವನ ಮುಖ ನಿಧಾನಕ್ಕೆ ಅರಳಿತು, ಅದರ ಹಿಂದೆಯೇ ತಿರಸ್ಕಾರವೂ ಬಂತು.

"ನೋಡುದ್ರಾ! ಎರಡೆಕ್ರೆ ಕೊಡ್ತೀನಿ ಅಂದ್ರೂ ಬುಡ್ಲಿಲ್ಲ. ಅವ್ವನ ಮಾತು ದಿಟ ಅಂತ ಇವಳೇ ಒಪ್ಕಂಡಂಗಾಯ್ತು. ಸರಕ್ಕೆ ಬೆಲೆ ಇಲ್ದೆ ಇದ್ರೆ ಯಾಕ್ ಮಡಿಕ್ಕತಿದ್ಲು? ಸರಾನೂ ಬೇಕು, ಭೂಮಿನೂ ಬೇಕು. ದುರಾಸೆ ಕಣಮ್ಮಿ ನಿಂಗೆ, ದುರಾಸೆ."

ಅಲ್ಲ ಎನ್ನುವುದಕ್ಕೆ ಮಾತುಗಳಿದ್ದವು. ಒಂದನ್ನೂ ಆಡಲಿಲ್ಲ. ಪತ್ರ ಬರೆಯುವವರು, ಆಯಮ್ಮ ಸೈನ್ ಹಾಕದಿದ್ದರೆ ಏನೂ ನಡೆಯುವುದಿಲ್ಲ ಸ್ವಾಮಿ, ಕೋರ್ಟು ಕಚೇರಿ ಅಲೆಯುವ ಬದಲು ಅರ್ಧರ್ಧ ಬರೆಸಿ ಎಂದರು. "ಬರೀರಿ, ಉಣ್ಲಿ" ಎಂದ ಅಣ್ಣ. ಸಂಜೆ ಬಸ್ಸಿನಲ್ಲಿ ಕೂತಾಗ ಅತ್ತಿಗೆ ಕಿಟಕಿಯ ಹತ್ತಿರ ಬಂದು ಒಂದು ಮೊಳ ಮಲ್ಲಿಗೆ ಕೊಟ್ಟು ಹೋದಳು. ಹೂ ಮುಡಿದು ಬಹಳ ದಿನವಾಗಿತ್ತು.

ಮಾರ್ಚ್ 17, ಭಾನುವಾರ

ಅತ್ತಿಗೆಯ ಫೋನು. ಪಿಸುಗುಟ್ಟುತ್ತ ನಗುತ್ತಿದ್ದಳು.

"ನಿಮ್ಮಣ್ಣ ಊರೆಲ್ಲ ಯೋಳ್ಕಂಡು ತಿರುಗ್ತಾ ಅವ್ನೆ. ಧಾರೆಸರ ಅರಮನೇದಂತೆ, ಇನ್ನೂರು ವರ್ಷದ್ದಂತೆ, ಎರಡೆಕ್ರೆ ಕೊಡ್ತೀನಿ ಅಂದ್ರೂ ನನ್ ತಂಗಿ ಬುಡ್ಲಿಲ್ಲ ಅಂತ. ಬೈಯ್ತಾನೂ ಅವ್ನೆ, ಜಂಬಾನೂ ಕೊಚ್ಕತಾ ಅವ್ನೆ."

ನನಗೂ ನಗು ಬಂತು. ಇಬ್ಬರೂ ನಕ್ಕೆವು. ಆಮೇಲೆ ಅವಳು ದನಿ ಇಳಿಸಿದಳು.

"ನಿನ್ನ ದುರಾಸೆಯೋಳು ಅಂತಾರೆ ಕಣಮ್ಮಿ ಬೀದೀಲಿ. ನಂಗೆ ಕೇಳಕಾಗಕಿಲ್ಲ. ನಿಮ್ಮಣ್ಣಂಗೆ ದಿಟ ಯೋಳ್ಬುಡ್ಲಾ? ಏನಾರ ಆಗ್ಲಿ."

"ಬೇಡ ಅತ್ತಿಗೆ. ಅವ್ವ ಮೋಸ ಮಾಡಿದ್ಲು ಅಂತ ಗೊತ್ತಾದ್ರೆ ಅವನು ತಡ್ಕೊಳ್ಳಲ್ಲ."

"ನೀನ್ ತಡ್ಕಂಡ್ಯಾ?"

ಇಲ್ಲ ಎಂದೆ. ಈ ಸಲ ಅತ್ತಿಗೆ ಫೋನ್ ಇಡಲಿಲ್ಲ.